ಊಟಕ್ಕೆ ಮುಂಚೆ

ಬೆಳಕು ಹರಿಯುವ ಮೊದಲು ಆ ಮನೆಯಲ್ಲಿ ಮುಗಿಯಬೇಕಾದ ಕೆಲಸಗಳು ಇವು. ನೀರು ಕಾಯಲು ಹಾಕಬೇಕು. ಮೊದಲು ಸ್ನಾನಕ್ಕೆ ಹೋಗುವವರು ಮಾವ, ಅವರಿಗೆ ಕೈಸುಡುವಷ್ಟು ಬಿಸಿ ಬೇಕು. ಹಿಂದಿನ ದಿನದ ಪಾತ್ರೆ ತೊಳೆಯಬೇಕು, ಸದ್ದಾಗಬಾರದು. ಹಾಲು ಕಾಯಿಸಬೇಕು, ಉಕ್ಕಬಾರದು. ಅತ್ತೆಯ ಚಹಾಕ್ಕೆ ಸಕ್ಕರೆಯಿಲ್ಲ. ಮಾವನ ಚಹಾಕ್ಕೆ ಸಕ್ಕರೆ ಹಾಕಿಲ್ಲ ಎಂದು ಅತ್ತೆಗೆ ಹೇಳಿ ಅರ್ಧ ಚಮಚ ಹಾಕಬೇಕು. ಮಾವನ ಮಾತ್ರೆಗಳನ್ನು ಬೇರೆ ಮಾಡಿ, ಊಟಕ್ಕೆ ಮುಂಚಿನವನ್ನು ಒಂದು ಬಟ್ಟಲಿಗೆ, ಊಟದ ನಂತರದವನ್ನು ಇನ್ನೊಂದಕ್ಕೆ ಹಾಕಿ, ಎರಡರ ಮೇಲೂ ಚೀಟಿ ಅಂಟಿಸಬೇಕು. ತರಕಾರಿ ಹೆಚ್ಚಬೇಕು, ಡಬ್ಬಿ ತುಂಬಬೇಕು, ಅಂಗಿಗಳಿಗೆ ಇಸ್ತ್ರಿ ಹಾಕಬೇಕು. ಶಾಲೆಗೆ ಹೋಗುವ ಹುಡುಗಿಯ ಒಂಟಿ ಕಾಲುಚೀಲದ ಜೋಡಿ ಹುಡುಕಬೇಕು. ಗಾಡಿ ಬರುವ ಮುಂಚೆ ಕಸ ಕೆಳಗಿಳಿಸಬೇಕು.

ಇಬ್ಬರು ಸೊಸೆಯಂದಿರು ಸೇರಿ ಇಷ್ಟು ಮುಗಿಸಿದ ಮೇಲೆ ಆ ಮನೆಯ ಕಿರಿಸೊಸೆಗೆ ಇನ್ನೊಂದು ಕೆಲಸ ಉಳಿದಿರುತ್ತದೆ. ಬಸ್ಸು ಹಿಡಿದು ಹೋಗಿ ಹೃದಯಗಳಿಗೆ ಉಣಿಸಬೇಕು.

ಪೂರ್ತಿ ಹೃದಯಗಳಲ್ಲ, ಅಂಚೆಚೀಟಿಯಷ್ಟು ಅಗಲದ ತೇಪೆಗಳು. ದೊಡ್ಡ ಆಸ್ಪತ್ರೆಯ ಹಿಂಬದಿಯ ಕಟ್ಟಡದಲ್ಲಿ ಕಿಟಕಿಯಿಲ್ಲದ ಒಂದು ಕೋಣೆಯಿದೆ. ಅಲ್ಲಿ ಮೈಬಿಸಿಯಷ್ಟೇ ಬಿಸಿಯಾಗಿರುವ ಒಂದು ಉಕ್ಕಿನ ಪೆಟ್ಟಿಗೆ. ಅದರೊಳಗೆ ಮುಚ್ಚಳವಿರುವ ಸಣ್ಣ ಬಟ್ಟಲುಗಳಲ್ಲಿ ಅವು ಮಲಗಿರುತ್ತವೆ. ತೇಪೆಯ ಬಹುಪಾಲು ನೀರೇ. ನೀರನ್ನು ಹಿಡಿದಿಟ್ಟುಕೊಂಡು ಬಳುಕುವ ಜೆಲ್, ಅದರೊಳಗೆ ಜೀವಂತ ಹೃದಯಕೋಶಗಳು. ಬರೀ ಜೆಲ್ ಆದರೆ ಕೋಶಗಳ ಒಂದೊಂದು ಗುಂಪೂ ತನ್ನ ಪಾಡಿಗೆ ತಾನು ಮಿಡಿಯುತ್ತದೆ. ಮಿಡಿತವೆಂದರೆ ಒಂದು ಕೋಶದಿಂದ ಇನ್ನೊಂದಕ್ಕೆ ಹೋಗುವ ವಿದ್ಯುತ್ತಿನ ಸುದ್ದಿ. ಜೆಲ್ ಅದನ್ನು ದಾಟಿಸುವುದಿಲ್ಲ. ಅದಕ್ಕೇ ಅದರಲ್ಲಿ ಚಿನ್ನದ ನ್ಯಾನೋ ಕಣಗಳನ್ನು ಬೆರೆಸುತ್ತಾರೆ. ಒಂದು ತಲೆಗೂದಲಿನ ಅಗಲದಲ್ಲಿ ಸಾವಿರಾರು ಕಣಗಳು ಸಾಲಾಗಿ ನಿಲ್ಲಬಲ್ಲವು. ಅಷ್ಟು ಸಣ್ಣದಾದಾಗ ಚಿನ್ನ ಹಳದಿಯಾಗಿರುವುದಿಲ್ಲ, ದಾಳಿಂಬೆ ರಸದ ಬಣ್ಣಕ್ಕೆ ತಿರುಗುತ್ತದೆ. ಚಿನ್ನ ಬೆರೆತ ತೇಪೆ ಒಂದಾಗಿ ಕುಗ್ಗಿ ಒಂದಾಗಿ ಹಿಗ್ಗುತ್ತದೆ.

ಕೋಶಗಳಿಗೆ ದಿನ ಬಿಟ್ಟು ದಿನ ಊಟ ಬದಲಾಯಿಸಬೇಕು. ಊಟವೆಂದರೆ ಸಕ್ಕರೆ, ಲವಣ ಸೇರಿದ ಗುಲಾಬಿ ಬಣ್ಣದ ನೀರು. ಅದನ್ನು ಬೆಚ್ಚಗೆ ಮಾಡಿ, ಹಳೆಯದನ್ನು ಹೀರಿ ತೆಗೆದು, ಹೊಸದನ್ನು ಬಟ್ಟಲಿನ ಅಂಚಿನಿಂದ ಮೆಲ್ಲಗೆ ಇಳಿಸಬೇಕು. ಈ ಕೆಲಸ ಕಿರಿಸೊಸೆಯದು. ಕೋಣೆಯ ಬಾಗಿಲ ಮೇಲೆ ಉದ್ದನೆಯ ಹೆಸರಿದ್ದರೂ ಅಲ್ಲಿಯ ಎಲ್ಲರೂ ಅದನ್ನು ಕರೆಯುವುದು ಅಡುಗೆಮನೆ ಎಂದೇ. "ಅಡುಗೆಮನೆ ಮೇಡಂ, ಇವತ್ತೇನು ಸ್ಪೆಷಲ್?" ಎಂದು ಕ್ಯಾಮೆರಾ ನೋಡಿಕೊಳ್ಳುವವನು ದಿನಾ ಕೇಳುತ್ತಾನೆ. "ನಿನ್ನೆಯದೇ" ಎಂದು ಅವಳೂ ದಿನಾ ಹೇಳುತ್ತಾಳೆ.

ಒಂದು ಅಡುಗೆಮನೆಯಿಂದ ಹೊರಟು ಇನ್ನೊಂದು ಅಡುಗೆಮನೆಗೆ ಹೋಗುತ್ತೇನೆ ಎಂದು ಅವಳಿಗೆ ಬೇಸರವಿರಲಿಲ್ಲ. ಮದುವೆಗೆ ಮುಂಚಿನಿಂದ ಮಾಡುತ್ತ ಬಂದ ಕೆಲಸ. ಮದುವೆಯಾದ ಹೊಸದರಲ್ಲಿ ಅತ್ತೆ, "ಇಬ್ಬರು ಸೊಸೆಯಂದಿರಿದ್ದೂ ನಾನೇ ಒಲೆ ಮುಂದೆ ನಿಲ್ಲಬೇಕಾ?" ಎಂದು ಕೇಳಿದ್ದರು. ಆಗ ಹಿರಿಸೊಸೆ ಕೈಯಲ್ಲಿದ್ದ ಸೌಟನ್ನೂ ಕೆಳಗಿಡದೆ, "ಮನೆ ನಾನು ನೋಡ್ಕೋತೀನಿ. ಅವಳು ಹೋಗಿ ಬರಲಿ" ಅಂದುಬಿಟ್ಟಳು. ಕಿರಿಯವಳ ನೌಕರಿ ಅಂದಿನಿಂದಲೂ ಆ ಒಂದು ಮಾತಿನ ಮೇಲೆ ನಿಂತಿತ್ತು. ಆ ಮಾತನ್ನು ಉಳಿಸಿಕೊಳ್ಳಲು ಹಿರಿಯವಳು ದಿನವೂ ಎಷ್ಟು ಬೇಗ ಎದ್ದಳು, ಎಷ್ಟು ಹೊತ್ತು ನಿಂತಳು ಎಂದು ಯಾರೂ ಕೇಳಲಿಲ್ಲ. ಕಿರಿಯವಳೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಕೇಳಿಸಿಕೊಳ್ಳಬೇಕಾಗುತ್ತಿತ್ತು.

ಹಿರಿಯವಳಿಗೆ ಒಂದು ಸಲ ಜ್ವರ ಬಂತು. ಮನೆಯಲ್ಲಿ ಎಲ್ಲರಿಗೂ ಬಂದ ಜ್ವರವೇ. ಉಳಿದವರು ಮಲಗಿದರು, ಮಲಗಿದವರಿಗೆ ಗಂಜಿ ಕಾಯಿಸಿ ಕೊಟ್ಟವಳು ಇವಳು. ಎಲ್ಲರ ಜ್ವರ ಹೋಯಿತು. ಇವಳ ಜ್ವರ ಹೋಗುವಾಗ ಹೃದಯದ ಗೋಡೆಯ ಒಂದು ಭಾಗವನ್ನು ತಿಂದುಕೊಂಡು ಹೋಗಿತ್ತು. ಅಲ್ಲಿ ಈಗ ಮಾಂಸವಿಲ್ಲ, ಬರೀ ಕಲೆ. ಆವತ್ತಿನಿಂದ ಮೆಟ್ಟಿಲು ಹತ್ತುವಾಗ ಅರ್ಧಕ್ಕೆ ನಿಂತು ಗೋಡೆ ಹಿಡಿದುಕೊಳ್ಳುತ್ತಾಳೆ. ಯಾರಾದರೂ ನೋಡಿದರೆ ಗೋಡೆಯ ಬಣ್ಣ ಪರೀಕ್ಷಿಸುವವಳ ಹಾಗೆ ಉಜ್ಜಿ, "ಇಲ್ಲೆಲ್ಲ ಸುಣ್ಣ ಉದುರ್ತಿದೆ ನೋಡು" ಅನ್ನುತ್ತಾಳೆ.

ಕಿರಿಯವಳು ತನ್ನ ಮುಖ್ಯಸ್ಥೆಯ ಹತ್ತಿರ ಹೋಗಿ ಕೇಳಿದ್ದು ಆಗಲೇ. ಇಂಥ ಕಲೆಯ ಮೇಲೆ ಹೊಲಿದ ತೇಪೆ ಪ್ರಾಣಿಗಳಲ್ಲಿ ಹಿಡಿದಿತ್ತು, ಮೊದಲ ಮನುಷ್ಯರನ್ನು ಹುಡುಕುತ್ತಿದ್ದರು. ಹಿರಿಯವಳ ರಕ್ತ ತೆಗೆದುಕೊಂಡರು. ಅದರಲ್ಲಿನ ಕೋಶಗಳನ್ನು ಹೃದಯಕೋಶಗಳಾಗಿ ತಿರುಗಿಸಿ ಜೆಲ್ಲಿನಲ್ಲಿ ಕೂರಿಸಿದರು. ಬಟ್ಟಲಿನ ಮೇಲೆ ಹೆಸರಿಲ್ಲ, ಒಂದು ನೀಲಿ ಚುಕ್ಕಿ. ಮನೆಯಲ್ಲಿ ತನಗೆ ಬಡಿಸುವವಳಿಗೆ ಇಲ್ಲಿ ತಾನು ಉಣಿಸುತ್ತೇನೆ ಎಂದುಕೊಂಡು ಕಿರಿಯವಳು ಆ ಬಟ್ಟಲುಗಳ ಮುಂದೆ ಒಂದು ಗಳಿಗೆ ಹೆಚ್ಚು ನಿಲ್ಲುತ್ತಿದ್ದಳು.

ಮನೆಯಲ್ಲಿ ಇದು ದೊಡ್ಡ ಸುದ್ದಿಯಾಯಿತು. "ದೊಡ್ಡೋಳು ಎದೆಯೊಳಗೇ ಚಿನ್ನ ಇಡಿಸ್ಕೋತಾಳಂತೆ, ಕಳ್ಳರ ಭಯವೂ ಇಲ್ಲ" ಎಂದು ಅತ್ತೆ ನಕ್ಕರು. ಭಾವ, ಅಂದರೆ ಹಿರಿಯವಳ ಗಂಡ, ಕೇಳಿದ್ದು ಒಂದೇ ಪ್ರಶ್ನೆ: "ಮನೆಗೆ ಬಂದ್ಮೇಲೆ ಎಷ್ಟು ದಿನಕ್ಕೆ ಓಡಾಡ್ಬಹುದು?" ಓಡಾಡುವುದು ಎಂದರೆ ಆ ಮನೆಯಲ್ಲಿ ಒಲೆಯಿಂದ ಊಟದ ಮೇಜಿಗೆ, ಮೇಜಿನಿಂದ ಒಲೆಗೆ. ಕಿರಿಯವಳ ಗಂಡ ಆಮೇಲೆ ಹೆಂಡತಿಯನ್ನು ಪಕ್ಕಕ್ಕೆ ಕರೆದು, "ಅತ್ತಿಗೆ ಸರಿ ಹೋದ್ರೆ ಸರಿ. ಇಲ್ಲಾಂದ್ರೆ ನೀನು ಕೆಲಸ ಬಿಡೋದೇ. ಅಮ್ಮನ ಕೈಲಂತೂ ಆಗಲ್ಲ" ಅಂದ. ಸಿಟ್ಟಿನಿಂದಲ್ಲ, ನಾಳೆ ಮಳೆ ಬರಬಹುದು ಎಂದು ಹೇಳುವ ಹಾಗೆ.

ಹೀಗಾಗಿ ಆ ತೇಪೆ ಹಿಡಿಯಬೇಕೆಂಬ ಆಸೆ ಕಿರಿಯವಳಿಗೆ ಎರಡು ಪಟ್ಟು ಇತ್ತು. ಅದರಲ್ಲಿ ಎಷ್ಟು ಪಾಲು ಅಕ್ಕನಿಗಾಗಿ, ಎಷ್ಟು ತನಗಾಗಿ ಎಂದು ಬಿಡಿಸಿ ನೋಡಲು ಅವಳಿಗೆ ಧೈರ್ಯವಿರಲಿಲ್ಲ. ಓರಗಿತ್ತಿಯನ್ನು ಅವಳು ಅಕ್ಕ ಎಂದೇ ಕರೆಯುವುದು.

ಪ್ರಯೋಗಾಲಯದಲ್ಲಿ ಒಂದು ರೂಢಿಯಿತ್ತು. ತೇಪೆಗಳ ಮಿಡಿತದ ವಿಡಿಯೊ ತೆಗೆಯುವುದು ಉಣಿಸಿ ಅರ್ಧ ಗಂಟೆ ಕಳೆದ ಮೇಲೆಯೇ. ಹಿಂದೆ ಹೀಗಿರಲಿಲ್ಲ. ಊಟಕ್ಕೆ ಮೊದಲು ತೆಗೆದರೆ ಚಿತ್ರ ಮಂಕಾಗಿ ಬರುತ್ತದೆ, ಉಣಿಸುತ್ತಿರುವಾಗ ತೆಗೆದರೆ ಕೋಶಗಳು ಬೆಚ್ಚಿದಂತೆ ನಿಂತುಬಿಡುತ್ತವೆ ಎಂದು ಕ್ಯಾಮೆರಾದವನು ಗೊಣಗುತ್ತಿದ್ದ. ಆಗ ದಾರಿ ತೋರಿಸಿದವಳು ಇವಳೇ. "ನಮ್ಮನೇಲಿ ಯಾರನ್ನೂ ಊಟಕ್ಕೆ ಮುಂಚೆ ಮಾತಾಡಿಸೋ ಹಾಗಿಲ್ಲಪ್ಪ. ಹೊಟ್ಟೆ ತುಂಬಲಿ, ಒಂದರ್ಧ ಗಂಟೆ ಬಿಡು, ಆಮೇಲೆ ಕೇಳು. ಎಲ್ರೂ ದೇವರಂಥವರೇ" ಎಂದಳು. ಎಲ್ಲರೂ ನಕ್ಕರು. ನಗುತ್ತಲೇ ಅದು ನಿಯಮವಾಯಿತು. ಅಂದಿನಿಂದ ವಿಡಿಯೊಗಳೆಲ್ಲ ಚೆನ್ನಾಗಿ ಬಂದವು. ಹಸಿದ ತೇಪೆ ಹೇಗಿರುತ್ತದೆ ಎಂದು ಆ ಮೇಲೆ ಯಾರೂ ನೋಡಲಿಲ್ಲ.

ಅದನ್ನು ಅವಳು ನೋಡಿದ್ದು ಹಿರಿಯವಳು ಬಿದ್ದ ಮಾರನೆಯ ದಿನ.

ಬಿದ್ದ ದಿನ ಮನೆಗೆ ನೆಂಟರು ಬಂದಿದ್ದರು. ಎಲ್ಲರದೂ ಊಟವಾಗಿ, ಹಿರಿಯವಳ ಪಾಲಿನ ಅನ್ನ ಬೋಗುಣಿಯ ತಳದಲ್ಲಿ ಮುಚ್ಚಿದ್ದ ಹಾಗೆಯೇ ಇತ್ತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವಳು ಸಿಂಕಿನ ಮುಂದೆ, ಕೈಯಲ್ಲಿ ಸೋಪಿನ ನೊರೆಯಿರುವಂತೆಯೇ ಕುಸಿದಳು. ನಲ್ಲಿ ಹರಿಯುತ್ತಲೇ ಇತ್ತು. ಅತ್ತೆ ಮೊದಲು ನಲ್ಲಿ ನಿಲ್ಲಿಸಿದರು. ಫೋನು ಬಂದಾಗ ಕಿರಿಯವಳು ಆ ದಿನದ ಉಣಿಸುವ ಕೆಲಸಕ್ಕೆ ಇನ್ನೂ ಕೈ ಹಾಕಿರಲಿಲ್ಲ. ಚೀಲ ಎತ್ತಿಕೊಂಡು ಓಡಿದಳು.

ಹಿರಿಯವಳಿಗೆ ಪ್ರಜ್ಞೆ ಬಂತು, ಡಾಕ್ಟರು ಗುಳಿಗೆ ಹೆಚ್ಚಿಸಿದರು. "ಏನೂ ಆಗಿಲ್ಲ, ನೆಲ ಜಾರ್ತಿತ್ತು" ಎಂದು ಅವಳು ನೆಲದ ಮೇಲೆ ಹೊರಿಸಿದಳು.

ಮರುದಿನ ಬೆಳಿಗ್ಗೆ ಕಿರಿಯವಳು ಪೆಟ್ಟಿಗೆಯ ಬಾಗಿಲು ತೆರೆದಾಗ ಬಟ್ಟಲುಗಳಲ್ಲಿ ಗುಲಾಬಿ ನೀರು ಇರಲಿಲ್ಲ. ಉಂಡು, ಹುಳಿಯಾಗಿ, ಅದು ಹಳದಿಗೆ ತಿರುಗಿತ್ತು. ಉಣಿಸುವ ಮೊದಲು, ಬದುಕಿವೆಯೋ ಇಲ್ಲವೋ ಎಂದು ನೀಲಿ ಚುಕ್ಕಿಯ ಒಂದು ಬಟ್ಟಲನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು.

ಬದುಕಿದ್ದವು. ಆದರೆ ತೇಪೆ ಒಂದಾಗಿ ಮಿಡಿಯುತ್ತಿರಲಿಲ್ಲ. ಒಂದು ಮೂಲೆ ಸಣ್ಣಗೆ, ಬೇಗ ಬೇಗ ಅದುರುತ್ತಿತ್ತು, ಚಳಿಗೆ ತುಟಿ ಅದುರುವ ಹಾಗೆ. ನಡುಭಾಗ ನಿಂತಿತ್ತು. ಆಮೇಲೆ ಆ ಮೂಲೆಯ ಅದುರು ಹರಡಿತು. ಒಳ್ಳೆಯ ಮಿಡಿತವನ್ನು ಹೊತ್ತು ಒಯ್ಯುವ ಚಿನ್ನವೇ ಈ ಅದುರನ್ನೂ ಹೊತ್ತು ಒಯ್ದಿತು. ಯಾವ ಸುದ್ದಿ ಎಂದು ಚಿನ್ನ ಕೇಳುವುದಿಲ್ಲ. ನೋಡುತ್ತಿದ್ದಂತೆ ಇಡೀ ತೇಪೆ ಹುಳುಗಳು ತುಂಬಿದ ಚೀಲದ ಹಾಗೆ ಮಿಲಮಿಲ ಆಯಿತು. ಇಂಥದ್ದು ಬಟ್ಟಲಲ್ಲಾದರೆ ಒಂದು ಬಟ್ಟಲು ಹೋಯಿತು. ಎದೆಯಲ್ಲಾದರೆ ಹೃದಯ ರಕ್ತ ನೂಕುವುದನ್ನು ಬಿಟ್ಟು ಅದುರುತ್ತ ನಿಲ್ಲುತ್ತದೆ. ಆಮೇಲೆ ನಲ್ಲಿ ಮಾತ್ರ ಹರಿಯುತ್ತಿರುತ್ತದೆ.

ಅವಳು ನೀರು ಬೆಚ್ಚಗೆ ಮಾಡಿ ಉಣಿಸಿದಳು. ಅರ್ಧ ಗಂಟೆಯ ನಂತರ ನೋಡಿದರೆ ತೇಪೆ ಏನೂ ಆಗೇ ಇಲ್ಲವೆಂಬಂತೆ ಒಂದಾಗಿ ಕುಗ್ಗಿ ಒಂದಾಗಿ ಹಿಗ್ಗುತ್ತಿತ್ತು. ಕ್ಯಾಮೆರಾದವನು ಬಂದು ಬಗ್ಗಿ ನೋಡಿ, "ಸೂಪರ್ ಮೇಡಂ, ಸಿನಿಮಾ ಹೀರೋಯಿನ್ ಥರ ಇದೆ" ಅಂದ.

ಅವಳು ಮುಖ್ಯಸ್ಥೆಗೆ ಹೇಳಿದಳು. ಮುಖ್ಯಸ್ಥೆ ತಳ್ಳಿಹಾಕಲಿಲ್ಲ, ಕನ್ನಡಕ ತೆಗೆದಿಟ್ಟು ಪೂರ್ತಿ ಕೇಳಿಸಿಕೊಂಡರು.

"ಹಸಿದಾಗ ಮಿಡಿತ ಕೆಡುತ್ತೆ, ಅದು ಗೊತ್ತಿರೋದೇ. ಆದ್ರೆ ಬಟ್ಟಲಲ್ಲಿ ಊಟ ಖಾಲಿಯಾದ್ರೆ ಖಾಲಿಯೇ. ದೇಹದಲ್ಲಿ ಹಾಗಲ್ಲ, ರಕ್ತ ಹರೀತಾನೇ ಇರುತ್ತೆ."

"ರಕ್ತದಲ್ಲೂ ಕಡಿಮೆ ಆದ್ರೆ, ಮೇಡಂ?"

"ಅಷ್ಟು ಕಡಿಮೆ ಆಗೋಕೆ ಉಪವಾಸ ಬೀಳ್ಬೇಕು. ನಮ್ಮ ಪ್ರಾಣಿಗಳಲ್ಲಿ ಒಂದಕ್ಕೂ ಹಾಗಾಗಿಲ್ಲ." ಆಗುವುದಾದರೂ ಹೇಗೆ? ಅವುಗಳ ಮುಂದೆ ಮೇವು ಯಾವಾಗಲೂ ಇರುತ್ತಿತ್ತು. "ನೀವು ಹೇಳೋದನ್ನ ಸರಿಯಾಗಿ ನೋಡ್ಬೇಕಾದ್ರೆ ಇನ್ನೊಂದು ವರ್ಷ ಬೇಕು. ನಿಮ್ಮಕ್ಕನ ಹತ್ರ ಅಷ್ಟು ಸಮಯ ಇದೆಯಾ?"

ಮುಖ್ಯಸ್ಥೆ ಕನ್ನಡಕ ಮತ್ತೆ ಹಾಕಿಕೊಂಡರು.

"ಹೊತ್ತುಹೊತ್ತಿಗೆ ಊಟ ಮಾಡಿದ್ರೆ ಸಾಕು. ಮಾಡ್ತಾರೆ ತಾನೇ?"

ಮುಖ್ಯಸ್ಥೆ ಇದನ್ನು ಕೇಳಿದ್ದು ಮಾತು ಮುಗಿಸುವುದಕ್ಕೆ. ಊಟ ಮಾಡುವುದಕ್ಕೆ ಏನು ಕಷ್ಟ? ಕಿರಿಯವಳು ತಲೆ ಆಡಿಸಿ ಹೊರಗೆ ಬಂದಳು. ಆಡಿಸಿದ್ದು ಹೌದೆಂದೋ ಇಲ್ಲವೆಂದೋ ಅವಳಿಗೇ ತಿಳಿಯಲಿಲ್ಲ.

ಆ ವಾರದ ರಜೆಯ ದಿನ ಅವಳು ಒಂದು ಪ್ರಯತ್ನ ಮಾಡಿದಳು. ಮಧ್ಯಾಹ್ನ ಎಲ್ಲರೂ ಮೇಜಿನ ಸುತ್ತ ಕೂತಿದ್ದಾಗ ಮೊದಲ ತಟ್ಟೆಗೆ ಬಡಿಸಿ, ಅದನ್ನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹಿರಿಯವಳ ಕೈಗೆ ಕೊಟ್ಟು, ಕುರ್ಚಿ ಎಳೆದಳು. "ಕೂತ್ಕೊ ಅಕ್ಕ. ಡಾಕ್ಟರು ಹೇಳಿದ್ದಾರೆ, ನೀನು ಮೊದಲು ತಿನ್ನಬೇಕು."

ಯಾರೂ ಬೇಡವೆನ್ನಲಿಲ್ಲ. ಮಾವ ಖಾಲಿ ತಟ್ಟೆಯ ಅಂಚನ್ನು ಬೆರಳಿನಿಂದ ತಟ್ಟಿದರು. ಅತ್ತೆ, "ಕೂತ್ಕೊಳಮ್ಮ, ಕೂತ್ಕೊ. ನಮಗೇನು, ನಾವು ಕಾಯ್ತೀವಿ" ಅಂದರು. ಹಿರಿಯವಳ ಮಗಳು ಕತ್ತೆತ್ತಿ, "ಅಮ್ಮಂಗೆ ಈಗ ಹಸಿವಾಗಲ್ಲ ಚಿಕ್ಕಮ್ಮ" ಎಂದು ತಿಳಿಯದವಳಿಗೆ ತಿಳಿಸುವಂತೆ ಹೇಳಿದಳು. ಹಿರಿಯವಳು ಕುರ್ಚಿಯ ತುದಿಯಲ್ಲಿ ಒಂದು ಕ್ಷಣ ಕೂತಳು, ಕಾದ ಹಂಚಿನ ಮೇಲೆ ಕೂತಂತೆ. ಆಮೇಲೆ ಎದ್ದು, ಆ ತಟ್ಟೆಯನ್ನು ಗಂಡನ ಮುಂದಿಟ್ಟು, "ಒಲೆ ಮೇಲೆ ಏನೋ ಇಟ್ಟಿದ್ದೆ" ಎಂದು ಒಳಗೆ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ. ಭಾವ ಅನ್ನ ಕಲಸಿಕೊಂಡರು.

ಪಾತ್ರೆ ತೊಳೆಯುವಾಗ ಇಬ್ಬರೇ ಸಿಕ್ಕರು. ಹಿರಿಯವಳನ್ನು ಸ್ಟೂಲಿನ ಮೇಲೆ ಕೂರಿಸಿ, ಕಿರಿಯವಳು ತೊಳೆದು ಕೊಟ್ಟಿದ್ದನ್ನು ಒರೆಸಲು ಬಿಟ್ಟಿದ್ದಳು.

"ನಾಲ್ಕು ಜನರ ಮುಂದೆ ನನ್ನ ಮೆರವಣಿಗೆ ಮಾಡಿದೆಯಲ್ಲೇ" ಎಂದು ಹಿರಿಯವಳು ನಗುತ್ತಲೇ ಗದರಿದಳು.

"ಅಕ್ಕ, ತಮಾಷೆ ಅಲ್ಲ. ಆ ತೇಪೆ ಹಸಿವು ತಡೆಯಲ್ಲ. ನಾನೇ ನೋಡಿದೆ. ಹೊತ್ತಿಗೆ ಊಟ ಸಿಗದಿದ್ರೆ ಅದು ಮನಸ್ಸಿಗೆ ಬಂದಂತೆ ಕುಣಿಯುತ್ತೆ, ಜೊತೆಗೆ ನಿನ್ನ ಹೃದಯವನ್ನೂ ಎಳೀಬಹುದು."

ಹಿರಿಯವಳು ಒಂದು ಲೋಟವನ್ನು ಒಳಗೂ ಹೊರಗೂ ಒರೆಸಿ ಬೆಳಕಿಗೆ ಹಿಡಿದಳು. "ಅದಕ್ಕೂ ಕಲಿಸ್ತೀನಿ ಬಿಡು. ನನಗೇನು ಹುಟ್ಟಿದಾಗಲೇ ಬರ್ತಿತ್ತಾ ಹಸಿವು ತಡೆಯೋದು?"

ಕಿರಿಯವಳು ತಟ್ಟೆಯನ್ನು ಸಿಂಕಿನಲ್ಲೇ ಬಿಟ್ಟು ತಿರುಗಿದಳು.

"ನಗ್ಬೇಡ ಅಕ್ಕ. ಬೇಡ ಅಂದುಬಿಡು. ಇಲ್ಲ, ನಾನೇ ಹೇಳ್ತೀನಿ ಅಲ್ಲಿ."

"ಏನಂತ ಹೇಳ್ತೀಯ? ನಮ್ಮನೇಲಿ ಅವಳಿಗೆ ಊಟ ಹಾಕಲ್ಲ ಅಂತಾನಾ?" ಹಿರಿಯವಳ ನಗು ನಿಂತಿತ್ತು. "ನೀನು ಏನೂ ಕೆಡಿಸ್ಬೇಡ. ನಾನು ಹೀಗೇ ಇದ್ರೆ ಇನ್ನೊಂದು ತಿಂಗಳಿಗೆ ನೀನು ಇಲ್ಲಿರ್ತೀಯ, ಈ ಸಿಂಕಿನ ಮುಂದೆ. ನನ್ನ ಮಗಳು ನಿನ್ನ ನೋಡಿ ನಾನೂ ಬಿಳಿ ಕೋಟು ಹಾಕ್ಕೋತೀನಿ ಅಂತಾಳೆ. ಅವಳು ಇನ್ನು ಯಾರನ್ನ ನೋಡ್ಬೇಕು? ನನಗೆ ಅದು ಬೇಕು. ಹೊಲಿಸಿಬಿಡು."

ಅವಳ ಕತ್ತಿನ ಪಕ್ಕದಲ್ಲಿ ನಾಡಿ ಹೊಡೆದುಕೊಳ್ಳುವುದು ಕಾಣುತ್ತಿತ್ತು. ಎರಡು ಹೊಡೆತ, ಒಂದು ತಡೆ. ಮತ್ತೆ ಒಂದು ಹೊಡೆತ. ಮುಂದಿನದು ಬರುವವರೆಗೆ ಕಿರಿಯವಳು ನೋಡುತ್ತಲೇ ಇದ್ದಳು.

ಯಾವ ತೇಪೆಯನ್ನು ಹೊಲಿಯಬೇಕೆಂದು ಆರಿಸಲು ಬೇರೆ ಆಸ್ಪತ್ರೆಗಳ ಹೃದಯ ತಜ್ಞರು ಒಂದು ಬೆಳಿಗ್ಗೆ ಪರದೆಯ ಮುಂದೆ ಕೂರುವುದೆಂದು ಗೊತ್ತಾಯಿತು. ಅವರವರ ಊರಿನಲ್ಲಿ ಅವರು ನೋಡುತ್ತಾರೆ. ಇಲ್ಲಿಯ ಕ್ಯಾಮೆರಾ ಚಾಲೂ ಮಾಡಿದರೆ ಬಟ್ಟಲು ಅವರ ಕಣ್ಣ ಮುಂದೆ ಇರುತ್ತದೆ. ಅವರು ಒಪ್ಪಿದರೆ ಆ ವಾರದಲ್ಲೇ ಶಸ್ತ್ರಚಿಕಿತ್ಸೆ. "ಹಿಂದಿನ ದಿನದ ಊಟದ ಸರದಿಯನ್ನ ಆ ಬೆಳಿಗ್ಗೆಗೇ ಇಟ್ಕೊಳ್ಳಿ, ನೀವು ಬೇಗ ಬಂದು ಉಣಿಸಿಡಿ. ಅವರು ಸೇರೋ ಹೊತ್ತಿಗೆ ಅರ್ಧ ಗಂಟೆ ಆಗಿರಲಿ. ಕ್ಯಾಮೆರಾ ನೀವೇ ಹಾಕಿ, ನಾನೂ ನಮ್ಮ ಕ್ಯಾಮೆರಾ ಹುಡುಗನೂ ಸಭೆ ಕೋಣೆಯಲ್ಲಿ ಇರ್ತೀವಿ" ಎಂದರು ಮುಖ್ಯಸ್ಥೆ.

ಆ ಬೆಳಿಗ್ಗೆ ಮನೆಯ ಕೆಲಸಗಳೆಲ್ಲ ಆಗಲೇ ಆಗಿಹೋಗಿದ್ದವು. ಕಿರಿಯವಳು ಎದ್ದು ಬರುವಷ್ಟರಲ್ಲಿ ಹಾಲು ಕಾದಿತ್ತು, ಡಬ್ಬಿ ತುಂಬಿತ್ತು, ಮಾತ್ರೆಯ ಬಟ್ಟಲುಗಳಿಗೆ ಚೀಟಿ ಅಂಟಿತ್ತು. ಹಿರಿಯವಳು ಗೋಡೆಗೆ ಒರಗಿ ನಿಂತಿದ್ದಳು. ಮುಖದ ಬಣ್ಣ ಹಿಟ್ಟಿನಂತಿತ್ತು.

"ಯಾಕಕ್ಕ ಎದ್ದೆ?"

"ಇವತ್ತು ನಿನಗೆ ದೊಡ್ಡ ದಿನ ಅಲ್ವಾ. ಹೋಗು, ಬಸ್ಸು ತಪ್ಪುತ್ತೆ."

"ನೀನು ಏನಾದ್ರೂ ತಿಂದ್ಯಾ?"

"ಆಮೇಲೆ" ಎಂದು ಅವಳು ಬಾಗಿಲು ಹಾಕಿಕೊಂಡಳು.

ಪ್ರಯೋಗಾಲಯದ ಓಣಿಯಲ್ಲಿ ಇನ್ನೂ ದೀಪಗಳನ್ನು ಹಚ್ಚಿರಲಿಲ್ಲ. ಅಡುಗೆಮನೆಯ ಪೆಟ್ಟಿಗೆ ಎಂದಿನಂತೆ ಗುಂಯ್ ಎನ್ನುತ್ತಿತ್ತು. ಅವಳು ಕೈ ತೊಳೆದು, ಕೈಗವಸು ಹಾಕಿ, ಫ್ರಿಜ್ಜಿನಿಂದ ಗುಲಾಬಿ ನೀರಿನ ಬಾಟಲಿ ತೆಗೆದಳು. ಬೆಚ್ಚಗೆ ಮಾಡುವ ನೀರಿನ ತೊಟ್ಟಿಯ ಮುಂದೆ ನಿಂತಳು. ಬಾಟಲಿಯನ್ನು ಅದರಲ್ಲಿ ಇಳಿಸಬೇಕು. ವರ್ಷಗಳಿಂದ ಅವಳ ಕೈ ಅದನ್ನು ತಾನಾಗಿಯೇ ಮಾಡುತ್ತ ಬಂದಿತ್ತು. ಇಂದು ಬಾಟಲಿಯ ತಣುಪು ಕೈಗವಸು ದಾಟಿ ಅಂಗೈಗೆ ಇಳಿಯುತ್ತಿದ್ದರೂ ಕೈ ಕದಲಲಿಲ್ಲ.

ಉಣಿಸಿದರೆ ಎಲ್ಲರಿಗೂ ಒಳ್ಳೆಯದು. ತಜ್ಞರು ತಲೆದೂಗುತ್ತಾರೆ, ಮುಖ್ಯಸ್ಥೆಯ ವರ್ಷಗಟ್ಟಲೆಯ ದುಡಿಮೆ ಗೆಲ್ಲುತ್ತದೆ, ತನ್ನ ನೌಕರಿ ಉಳಿಯುತ್ತದೆ, ಅಕ್ಕ ಹೊಲಿಸಿಕೊಂಡು ಮನೆಗೆ ಬರುತ್ತಾಳೆ. ಬಂದು ಓಡಾಡುತ್ತಾಳೆ. ಯಾವುದೋ ಒಂದು ಮಧ್ಯಾಹ್ನ, ಎಲ್ಲರದೂ ಊಟವಾದ ಮೇಲೆ, ಮೂಲೆಯೊಂದು ಅದುರತೊಡಗುತ್ತದೆ.

ಉಣಿಸದಿದ್ದರೆ ತಜ್ಞರು ನಿಲ್ಲಿಸಿ ಎನ್ನುತ್ತಾರೆ. ಅಕ್ಕನ ಎದೆಯ ಕಲೆ ಹಾಗೆಯೇ ಉಳಿಯುತ್ತದೆ. ಗುಳಿಗೆ ನುಂಗುತ್ತ, ಗೋಡೆ ಹಿಡಿಯುತ್ತ ಅವಳು ಎಷ್ಟು ಕಾಲ ಇರುತ್ತಾಳೋ ಯಾರೂ ಹೇಳಲಾರರು. ಒಲೆ ತನ್ನ ಪಾಲಿಗೆ ಬರುತ್ತದೆ. ಅಕ್ಕ ಮತ್ತೆ ತನ್ನೊಂದಿಗೆ ಮಾತಾಡುತ್ತಾಳೋ ಇಲ್ಲವೋ. ಹೊಲಿಸಿಬಿಡು ಎಂದು ಬಾಯಿ ಬಿಟ್ಟು ಕೇಳಿದ್ದಳು. ತನಗಾಗಿ ಏನನ್ನಾದರೂ ಬೇಕು ಎಂದು ಅವಳು ಕೇಳಿದ್ದನ್ನು ಕಿರಿಯವಳು ಆ ಮನೆಯಲ್ಲಿ ಬೇರೆಂದೂ ಕೇಳಿಸಿಕೊಂಡಿರಲಿಲ್ಲ.

ಓಣಿಯಲ್ಲಿ ದೀಪ ಹತ್ತಿತು. ಸಭೆ ಕೋಣೆಯಲ್ಲಿ ಕುರ್ಚಿ ಎಳೆಯುವ ಸದ್ದು. ಮುಖ್ಯಸ್ಥೆ ಯಾರಿಗೋ ನಮಸ್ಕಾರ ಹೇಳುತ್ತಿದ್ದರು.

ಕಿರಿಯವಳು ಬಾಟಲಿಯನ್ನು ಫ್ರಿಜ್ಜಿನೊಳಗೆ ಮರಳಿ ಇಟ್ಟಳು.

ಪೆಟ್ಟಿಗೆಯಿಂದ ನೀಲಿ ಚುಕ್ಕಿಯ ಬಟ್ಟಲನ್ನು ತೆಗೆದಳು. ಒಳಗಿನ ನೀರು ಹಳದಿಯಾಗಿತ್ತು. ಯಾರಿಗೂ ಮೋಸವಾಗಬಾರದೆಂದು ಒಂದು ಚೀಟಿ ಹರಿದು, ಅದರ ಮೇಲೆ ಮಾವನ ಬಟ್ಟಲಿಗೆ ಬರೆಯುವ ಅಕ್ಷರಗಳಲ್ಲೇ 'ಊಟಕ್ಕೆ ಮುಂಚೆ' ಎಂದು ಬರೆದು, ಕ್ಯಾಮೆರಾಕ್ಕೆ ಕಾಣುವಂತೆ ಬಟ್ಟಲಿನ ಅಂಚಿಗೆ ಅಂಟಿಸಿದಳು. ಬಟ್ಟಲನ್ನು ಮಸೂರದ ಕೆಳಗೆ ಇಟ್ಟು, ಕಣ್ಣು ಇಟ್ಟು ನೋಡಿದಳು. ಎಡಗಡೆಯ ಮೂಲೆ ಸಣ್ಣಗೆ ಅದುರಲು ಶುರುವಾಗಿತ್ತು.

ಅವಳು ಗುಂಡಿ ಒತ್ತಿದಳು.